ಸರಿಯೋ ಬೆಸವೋ?

ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಸೇರಿದ ಮೊದಲನೇ ರಾತ್ರಿ. ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಜನ, ಯಾರಿಗೂ ಯಾರ ಪರಿಚಯವೂ ಇಲ್ಲ. ಊಟ ಮುಗಿಸಿ ಬಂದು ಎಲ್ಲರೂ ಗೋಡೆ ನೋಡ್ತಾ ಕೂತಿದ್ವಿ. ನಾನು ನೀರಿನ ಬಾಟಲಿ ಹುಡುಕ್ತಾ "ಎಲ್ಲದ ಅದು?" ಅಂತ ನನ್ನಷ್ಟಕ್ಕೆ ಗೊಣಗಿಕೊಂಡೆ. ಶಿವಮೊಗ್ಗದ ಹುಡುಗ ತಟ್ಟನೆ ತಿರುಗಿದ.

"ತಡಿ ತಡಿ, ಊರು ಹೇಳ್ಬೇಡ. ಕಲಬುರಗಿ?"

ಅಲ್ಲ ಅಂತ ತಲೆ ಅಲ್ಲಾಡಿಸಿದೆ. "ಬೀದರ್?" ಅಲ್ಲ. "ರಾಯಚೂರು?" ಅದೂ ಅಲ್ಲ. ಅಷ್ಟರಲ್ಲಿ ಹಾಸನದವನು ಎದ್ದು ಕೂತ. "ಇನ್ನೊಂದು ಮಾತಾಡು ನೋಡಣ" ಅಂದ. ನಾನು ಬೇಕಂತಲೇ "ಯಾಕ, ಗೊತ್ತಾಗ್ಲಿಲ್ವಾ?" ಅಂದೆ. ಇಬ್ಬರೂ ಇಡೀ ಉತ್ತರ ಕರ್ನಾಟಕ ಸುತ್ತಿ ಬಂದರು. ಅರ್ಧ ಗಂಟೆ ಆಟ ಆಡಿಸಿ, ಕೊನೆಗೆ "ಸೋತೆ ಅನ್ನಿ, ಹೇಳ್ತೀನಿ" ಅಂದೆ. ಮೂರೂ ಜನ "ಸೋತೆ" ಅಂದ ಮೇಲೆ "ಚಾಮರಾಜನಗರ" ಅಂದೆ.

"ಚಾಮರಾಜಪೇಟೆನಾ? ಬೆಂಗಳೂರಾ?"

ಹೀಗೆ ಶುರುವಾದದ್ದು :-) ಇನ್ನೊಬ್ಬ "ಓ, ಮುಖ್ಯಮಂತ್ರಿಗಳು ಬಂದ್ರೆ ಕುರ್ಚಿ ಹೋಗತ್ತೆ ಅಂತಾರಲ್ಲ, ಆ ಊರು" ಅಂದ. 2013ರಲ್ಲಿ ಸಿದ್ದರಾಮಯ್ಯ ಬಂದು ಹೋಗಿದ್ದಾರೆ, ಕುರ್ಚಿ ಇನ್ನೂ ಗಟ್ಟಿಯಾಗೇ ಇದೆ ಅಂತ ವಾದಕ್ಕೆ ಬಿದ್ದೆ. (ಆಮೇಲೆ ಅವರು 2018ರವರೆಗೆ ಪೂರ್ತಿ ಐದು ವರ್ಷ ಮುಗಿಸಿದರು. ವಾದ ನಾನೇ ಗೆದ್ದೆ.) ಅವತ್ತು ಮಲಗಿದಾಗ ರಾತ್ರಿ ಎರಡು ಗಂಟೆ. ಆ ಮೂವರೂ ಇವತ್ತಿಗೂ ನನ್ನ ಹತ್ತಿರದ ಗೆಳೆಯರು.

'ಇದೆ' ಅನ್ನೋದಕ್ಕೆ 'ಅದ' ಅನ್ನೋದು ಕಲಬುರಗಿ, ಬೀದರ್ ಕಡೆ ಇದೆ. ರಾಜ್ಯದ ಇನ್ನೊಂದು ತುದಿಯಲ್ಲಿರೋ ನಮ್ಮ ಚಾಮರಾಜನಗರ, ನಂಜನಗೂಡು ಕಡೆಯೂ ಇದೆ. ದೇವನೂರ ಮಹಾದೇವರ 'ಕುಸುಮಬಾಲೆ' (1984) ಓದಿದವರಿಗೆ ಈ ಕನ್ನಡದ ರುಚಿ ಗೊತ್ತಿರತ್ತೆ. ಗೆಳೆಯರು ಸೋತದ್ದು ಆ ಒಂದು 'ಅದ'ದಿಂದ. ಅವರು ದಡ್ಡರಲ್ಲ, ಸುಳಿವು ಸರಿಯಾಗೇ ಹಿಡಿದಿದ್ದರು. ಸುಳಿವೇ ಎರಡು ಕಡೆ ಕೈ ತೋರಿಸ್ತಿತ್ತು.

ಇದನ್ನು ಈಗ ನೆನಪಿಸಿಕೊಳ್ಳೋಕೆ ಕಾರಣ, ಹೋದ ತಿಂಗಳು ಆಫೀಸಿನಲ್ಲಿ ನಡೆದ 'ಟೀಮ್ ಬಿಲ್ಡಿಂಗ್'. ಹೊಸ ಟೀಮು, ಹನ್ನೆರಡು ಜನ. ಒಬ್ಬೊಬ್ಬರಾಗಿ ನಿಂತು ಹೆಸರು, ಊರು, ಹವ್ಯಾಸ, 'ನಿಮ್ಮ ಬಗ್ಗೆ ಒಂದು ಮಜವಾದ ವಿಷಯ' ಹೇಳಬೇಕು. ಎಲ್ಲರೂ ಹೇಳಿದ್ವಿ, ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ಮಾರನೇ ದಿನ ಕಾಫಿ ಮಷೀನಿನ ಹತ್ತಿರ ಸಿಕ್ಕಾಗ ಒಬ್ಬರ ಹೆಸರೂ ನೆನಪಿಲ್ಲ. ಹೇಳಿದ ವಿಷಯ ಹಾಗೇ ಹಾರಿ ಹೋಗಿತ್ತು.

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಬಗ್ಗೆ ನಾವು ಹೇಳಿಕೊಂಡರೆ ಪರಿಚಯ ಆಗತ್ತೆ. ಇನ್ನೊಬ್ಬರು ನಮ್ಮನ್ನು ಊಹಿಸೋಕೆ ಕೂತಾಗ ಗೆಳೆತನ ಶುರುವಾಗತ್ತೆ. ಊಹಿಸಬೇಕಾದ್ರೆ ನೋಡಬೇಕು, ಕೇಳಿಸಿಕೊಳ್ಳಬೇಕು, ತಪ್ಪಬೇಕು, ನಗಬೇಕು. ಇದು ನಾನು ಕಂಡುಹಿಡಿದದ್ದೇನಲ್ಲ, ಗುಂಡ್ಲುಪೇಟೆಯ ನಮ್ಮಜ್ಜಿ ಮನೆ ಜಗಲಿ ಮೇಲೆ ಕಲಿತದ್ದು.

ನಾನೂ ನಮ್ಮ ಜಿಲ್ಲೆಯೂ ಒಂದೇ ವಯಸ್ಸಿನವರು. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ ಬೇರೆ ಜಿಲ್ಲೆ ಆಯ್ತು, ಅದೇ ವರ್ಷ ನಾನೂ ಹುಟ್ಟಿದೆ. ಬೇಸಿಗೆ ರಜೆ ಬಂತು ಅಂದ್ರೆ ತೆರಕಣಾಂಬಿ ಮೇಲಿಂದ ಬಸ್ಸು ಹತ್ತಿ ಅಜ್ಜಿ ಊರಿಗೆ. ರಾತ್ರಿ ಕರೆಂಟ್ ಹೋಯ್ತು ಅಂದ್ರೆ ಹತ್ತು ಹನ್ನೆರಡು ಮಕ್ಕಳು ಜಗಲಿ ಮೇಲೆ. ಅಜ್ಜಿ ಸೆರಗಿನ ಗಂಟಿನಿಂದ ಹುಣಸೆ ಬೀಜ ತೆಗೀತಿದ್ದರು. ಮುಷ್ಟಿ ತುಂಬ ಬೀಜ ಹಿಡಿದು "ಸರಿಯೋ ಬೆಸವೋ?" ಅನ್ನಬೇಕು. ಎದುರಿನವನು ಹೇಳಬೇಕು. ಸರಿಯಾಗಿ ಹೇಳಿದ್ರೆ ಬೀಜ ಅವನಿಗೆ, ಇಲ್ಲಾಂದ್ರೆ ಅವನೇ ಕೊಡಬೇಕು.

ನೋಡೋಕೆ ಇದು ಬರೀ ಅದೃಷ್ಟದ ಆಟ. ಎರಡೇ ಉತ್ತರ, ಅರ್ಧಕ್ಕರ್ಧ ಸಾಧ್ಯತೆ. ಆದ್ರೆ ಅಜ್ಜಿ ಮಾತ್ರ ಯಾವಾಗಲೂ ಅರ್ಧಕ್ಕಿಂತ ಜಾಸ್ತಿ ಗೆಲ್ತಿದ್ದರು. ಹೇಗೆ ಅಂತ ಒಂದು ಸಲ ಕೇಳಿದೆ. "ನೀ ಸೋತ್ ಮ್ಯಾಲ ಬದ್ಲಾಯಿಸ್ತೀಯ ಮಗ. ನಿನ್ ತಮ್ಮ ಗೆದ್ ಮ್ಯಾಲ ಬದ್ಲಾಯಿಸ್ತಾನ" ಅಂದರು. ನನಗೇ ಗೊತ್ತಿರಲಿಲ್ಲ ನಾನು ಹಾಗೆ ಮಾಡ್ತೀನಿ ಅಂತ!

ಎಷ್ಟೋ ವರ್ಷ ಆದ ಮೇಲೆ ಕಾಲೇಜಿನಲ್ಲಿ ಕ್ಲಾಡ್ ಶಾನನ್ ಬಗ್ಗೆ ಓದುವಾಗ ಬೆಚ್ಚಿಬಿದ್ದೆ. ಮಾಹಿತಿ ಸಿದ್ಧಾಂತದ ಪಿತಾಮಹ ಅಂತ ನಮ್ಮ ಪಠ್ಯದಲ್ಲಿ ಬರೋ ಅದೇ ಶಾನನ್. 1953ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಅವರು ಒಂದು 'ಮನಸ್ಸು ಓದೋ ಯಂತ್ರ'ದ ಬಗ್ಗೆ ಬರೆದಿದ್ದರು. ಆಡೋ ಮನುಷ್ಯ ಎರಡರಲ್ಲಿ ಒಂದನ್ನು ಆರಿಸಬೇಕು, ಯಂತ್ರ ಅದನ್ನು ಮುಂಚೆಯೇ ಊಹಿಸಬೇಕು. ಯಂತ್ರ ನೆನಪಿಟ್ಟುಕೊಳ್ತಿದ್ದದ್ದು ಸ್ವಲ್ಪವೇ: ಗೆದ್ದ ಮೇಲೆ ಇವನು ಬದಲಾಯಿಸ್ತಾನಾ, ಸೋತ ಮೇಲೆ ಬದಲಾಯಿಸ್ತಾನಾ. ಅಷ್ಟು ಇಟ್ಟುಕೊಂಡೇ ಅದು ಮನುಷ್ಯರ ಎದುರು ಅರ್ಧಕ್ಕಿಂತ ಜಾಸ್ತಿ ಗೆಲ್ತಿತ್ತು. ಮನುಷ್ಯರು ಮನಸ್ಸಿಗೆ ಬಂದಂಗೆ ಆಡ್ತೀವಿ ಅಂದುಕೊಳ್ತಾರೆ, ಆದ್ರೆ ಪ್ರತಿಯೊಬ್ಬರಿಗೂ ಒಂದು ಅಭ್ಯಾಸ ಇರತ್ತೆ. ನಮ್ಮಜ್ಜಿಗೆ ಗೊತ್ತಿದ್ದದ್ದೂ ಅದೇ.

ವ್ಯತ್ಯಾಸ ಒಂದೇ. ನಾನು ತೀರಾ ಸೋಲ್ತಿದ್ದೀನಿ ಅನ್ನಿಸಿದಾಗ ಅಜ್ಜಿ ಬೇಕಂತ ತಪ್ಪು ಹೇಳಿ ಬೀಜ ಕೊಡ್ತಿದ್ದರು. ಆ ಯಂತ್ರಕ್ಕೆ ಅದು ಬರ್ತಿರಲಿಲ್ಲ.

ಬೀಜ ಸಾಕು ಅನ್ನಿಸಿದ ಮೇಲೆ ಒಗಟು. ಅಜ್ಜಿ ಒಗಟು ಹಾಕಿದ ಮೇಲೆ ಎರಡು ನಿಮಿಷ ಯಾರೂ ಮಾತಾಡೋ ಹಾಗಿಲ್ಲ. ಆಮೇಲೆ ಶುರು, ಬಾಯಿಗೆ ಬಂದ ಉತ್ತರ. ಅದು ಚಂದ್ರನಾ? ಅಲ್ಲ. ಬೆಂಡೆಕಾಯಾ? ಅಲ್ಲ. ಎಮ್ಮೆನಾ? ಅಲ್ಲ ಕಣ್ಲಾ :-) ತಪ್ಪು ಉತ್ತರಕ್ಕೆ ಬೈಗುಳ ಇರಲಿಲ್ಲ, ನಗು ಇತ್ತು. ಎಷ್ಟೋ ಸಲ ತಪ್ಪು ಉತ್ತರವೇ ಚೆನ್ನಾಗಿರ್ತಿತ್ತು. ಕೊನೆಗೆ "ಸೋತೆ ಅನ್ಲಾ, ಯೋಳ್ತೀನಿ" ಅನ್ನೋರು. ಆ 'ಸೋತೆ' ಅನ್ನೋ ಪದವನ್ನು ನಾಚಿಕೆ ಇಲ್ಲದೆ ಹೇಳೋಕೆ ನಾನು ಕಲಿತದ್ದು ಅಲ್ಲೇ. ಆಫೀಸಿನ ಮೀಟಿಂಗುಗಳಲ್ಲಿ ಇದನ್ನು ಹೇಳೋ ಧೈರ್ಯ ಎಷ್ಟು ಜನಕ್ಕಿದೆ ಹೇಳಿ?

ಒಗಟು ಅಂದ್ರೆ ಮಕ್ಕಳಾಟ ಅಂತ ತಳ್ಳಿಹಾಕೋರಿಗೆ ಒಂದೆರಡು ಮಾತು. ಸಂಸ್ಕೃತದಲ್ಲಿ ಒಗಟಿಗೆ ಪ್ರಹೇಳಿಕೆ ಅಂತಾರೆ. ವಾತ್ಸ್ಯಾಯನ ಹೇಳೋ 64 ಕಲೆಗಳಲ್ಲಿ ಅದೂ ಒಂದು. ದಂಡಿ 'ಕಾವ್ಯಾದರ್ಶ'ದ ಮೂರನೇ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ಅವುಗಳಿಂದ ಏನು ಉಪಯೋಗ ಅಂತಲೂ ಹೇಳ್ತಾನೆ: ಗೋಷ್ಠಿಗಳಲ್ಲಿ ವಿನೋದಕ್ಕೆ, ಜನರ ನಡುವೆ ಗುಟ್ಟಾಗಿ ಮಾತಾಡೋಕೆ, ಇನ್ನೊಬ್ಬರನ್ನು ತಬ್ಬಿಬ್ಬು ಮಾಡೋಕೆ. ನಮ್ಮ 'ಕವಿರಾಜಮಾರ್ಗ'ಕ್ಕೆ ಆಧಾರವಾದ ಗ್ರಂಥ ಅದು. ಇನ್ನು ಕನ್ನಡದಲ್ಲೇ ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಮಾತನ್ನು ಮುಚ್ಚಿಟ್ಟು ಕೊಡೋದು, ಬಿಚ್ಚೋ ಕೆಲಸ ಕೇಳೋನಿಗೆ ಬಿಡೋದು, ನಮ್ಮವರಿಗೆ ಹಳೇ ಅಭ್ಯಾಸ.

1963ರಲ್ಲಿ ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡೆಸ್ ಅನ್ನೋ ಇಬ್ಬರು ಜಾನಪದ ವಿದ್ವಾಂಸರು ಒಗಟಿನ ರಚನೆ ಏನು ಅಂತ ಒಂದು ಲೇಖನ ಬರೆದರು. ಒಗಟಿನಲ್ಲಿ ಒಂದೋ ಹೆಚ್ಚೋ ವರ್ಣನೆಗಳಿರತ್ತೆ, ಆ ವರ್ಣನೆಗಳಲ್ಲಿ ಎರಡು ಒಂದಕ್ಕೊಂದು ವಿರುದ್ಧ ಆಗಿರಬಹುದು, ಅದು ಯಾವುದರ ಬಗ್ಗೆ ಅಂತ ಊಹಿಸಬೇಕು. ಇಷ್ಟೇ ಸೂತ್ರ. ಹೋದ ದೀಪಾವಳಿಗೆ ಊರಿಗೆ ಹೋದಾಗ ಇದನ್ನು ಮಕ್ಕಳಿಗೆ ಹೇಳಿ, ನಮ್ಮೂರಿನ ಬಗ್ಗೆ ಹೊಸ ಒಗಟು ಕಟ್ಟಿ ನೋಡಣ ಅಂದೆ. ಅಕ್ಕನ ಮಗಳು, ಎಂಟನೇ ಕ್ಲಾಸು, ಹತ್ತೇ ನಿಮಿಷದಲ್ಲಿ ಕಟ್ಟಿದಳು:

"ಒಂದೇ ಮನೆ, ಇಬ್ಬರು ಯಜಮಾನರು. ಹಗಲು ಒಬ್ಬನಿಗೆ, ರಾತ್ರಿ ಇನ್ನೊಬ್ಬನಿಗೆ. ಬಾಗಿಲು ಮಾತ್ರ ಮೂರನೆಯವನು ಹಾಕ್ತಾನೆ. ಏನು?"

ನಾನು ಸೂರ್ಯ-ಚಂದ್ರ ಅಂದೆ. ಭಾವ ಹೋಟೆಲ್ ಅಂದರು. ಅಕ್ಕ ಏನೇನೋ ಅಂದಳು. ಎಲ್ಲರೂ ಸೋತೆವು. ಉತ್ತರ: ಬಂಡೀಪುರದ ರಸ್ತೆ! ಹಗಲು ನಮ್ಮ ಲಾರಿ, ಕಾರುಗಳಿಗೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಆಂಬುಲೆನ್ಸು ಮತ್ತು ಕೆಲವು ಬಸ್ಸು ಬಿಟ್ಟರೆ, ಆನೆ ಹುಲಿಗಳಿಗೆ. ಗೇಟು ಹಾಕೋರು ಅರಣ್ಯ ಇಲಾಖೆಯವರು. ಆ ರಸ್ತೆ ಬಗ್ಗೆ ಕೇರಳಕ್ಕೂ ನಮಗೂ ಎಷ್ಟು ವರ್ಷದ ಜಗಳ! ಹುಡುಗಿ ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದಳು. ಅಲ್ಲಿವರೆಗೂ ಅವಳನ್ನು ನಾನು 'ಯಾವಾಗಲೂ ಮೊಬೈಲ್ ಹಿಡಿದಿರೋ ಹುಡುಗಿ' ಅಂತ ಮಾತ್ರ ನೋಡಿದ್ದೆ. ಅವಳಿಗೂ ನಾನು 'ಬೆಂಗಳೂರಿನ ಮಾವ' ಅಷ್ಟೇ ಆಗಿದ್ದೆ. ಈಗ ವಾರಕ್ಕೊಂದು ಒಗಟು ಕಳಿಸ್ತಾಳೆ. ನಾನು ಮುಕ್ಕಾಲು ಪಾಲು ಸೋಲ್ತೀನಿ.

ಹಾಗಾದ್ರೆ ಕ್ವಿಜ್ ಆಗಲ್ವಾ ಅಂತ ಕೇಳಬಹುದು. ಕ್ವಿಜ್ ಅಂದ್ರೆ ನನಗೂ ಇಷ್ಟ. ಚಂದನದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿಕೊಂಡೇ ಬೆಳೆದವನು ನಾನು. ನಾ. ಸೋಮೇಶ್ವರ ಅವರು ಉತ್ತರಕ್ಕೆ ಪುಸ್ತಕ ಕೊಡ್ತಿದ್ದದ್ದು ನೋಡಿ ನನಗೂ ಪುಸ್ತಕದ ಆಸೆ ಹತ್ತಿತು. ಆದ್ರೆ ಕ್ವಿಜ್ ಕೇಳೋದು ನಿನಗೆ ಏನು ಗೊತ್ತು ಅಂತ. ಗೊತ್ತಿಲ್ಲದವನು ಅಲ್ಲಿಗೆ ಆಟದಿಂದ ಹೊರಗೆ. ಒಗಟಿನಲ್ಲಿ ಗೊತ್ತಿಲ್ಲದವನೇ ಆಟದ ಒಳಗೆ. ಎಂಟನೇ ಕ್ಲಾಸಿನವಳೂ ಇಂಜಿನಿಯರೂ ಎದುರುಬದುರು ಕೂರಬಹುದು, ಶಾಲೆಗೆ ಹೋಗದ ಅಜ್ಜಿ ಇಬ್ಬರನ್ನೂ ಸೋಲಿಸಬಹುದು.

ಇಲ್ಲಿವರೆಗೂ ಬರೀ ಸಿಹಿ ಹೇಳಿದೆ. ಇನ್ನೊಂದು ಊಹೆ ಆಟ ಇದೆ ನಮ್ಮಲ್ಲಿ. ಅದನ್ನು ಹೇಳದೆ ಹೋದ್ರೆ ಈ ಬರಹ ಸುಳ್ಳಾಗತ್ತೆ.

'ಇಪ್ಪತ್ತು ಪ್ರಶ್ನೆ' ಆಟ ನಿಮಗೆಲ್ಲ ಗೊತ್ತು. ಒಬ್ಬ ಮನಸ್ಸಿನಲ್ಲಿ ಏನಾದ್ರೂ ಇಟ್ಟುಕೊಳ್ತಾನೆ, ಉಳಿದವರು ಹೌದು ಅಥವಾ ಅಲ್ಲ ಅನ್ನೋ ಉತ್ತರ ಬರೋ ಇಪ್ಪತ್ತು ಪ್ರಶ್ನೆ ಕೇಳಿ ಕಂಡುಹಿಡೀಬೇಕು. ಪ್ರತಿ ಪ್ರಶ್ನೆ ಸಾಧ್ಯತೆಗಳನ್ನು ಅರ್ಧ ಮಾಡಿದ್ರೆ, ಇಪ್ಪತ್ತು ಪ್ರಶ್ನೆಯಲ್ಲಿ 10,48,576 ವಸ್ತುಗಳಲ್ಲಿ ಒಂದನ್ನು ಹಿಡೀಬಹುದು. ಪ್ರೋಗ್ರಾಮ್ ಬರೆಯೋರಿಗೆ ಇದು ಬೈನರಿ ಸರ್ಚ್. ಈಗ ನಮ್ಮ ಜನ ಹೊಸಬರನ್ನು ಕಂಡಾಗ ಕೇಳೋ ಪ್ರಶ್ನೆ ನೋಡಿ. ಯಾವೂರು? ಊರಲ್ಲಿ ಯಾವ ಬೀದಿ? ಅಪ್ಪನ ಹೆಸರೇನು? ಮನೆದೇವರು ಯಾವುದು? ನಾನ್‌ವೆಜ್ ತಿಂತೀರಾ? ಇವೂ ಸಾಧ್ಯತೆಗಳನ್ನು ಅರ್ಧ ಅರ್ಧ ಮಾಡೋ ಪ್ರಶ್ನೆಗಳೇ. ಇಪ್ಪತ್ತು ಬೇಕಾಗಲ್ಲ, ಮೂರು ನಾಲ್ಕಕ್ಕೇ ಮುಗಿಯತ್ತೆ. ಜಾತಿ ಗೊತ್ತಾಯ್ತು, ಆಟ ಮುಗೀತು, ಮುಖದ ಮೇಲೊಂದು ತೃಪ್ತಿ. ಅಲ್ಲಿಂದ ಮುಂದೆ ಆ ಮನುಷ್ಯನ ಬಗ್ಗೆ ಊಹಿಸೋಕೆ ಏನೂ ಉಳಿದಿಲ್ಲ ಅನ್ನೋ ಥರ.

ನಾನು ಓದಿದ್ದು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ. ಆಟದ ಬಿಡುವಿನಲ್ಲಿ ಒಂದು ಆಟ ಆಡ್ತಿದ್ವಿ. ಎರಡು ಗುಂಪು ಎದುರುಬದುರು ಕೂರೋದು. ಪ್ರತಿಯೊಬ್ಬನಿಗೂ ಗುಟ್ಟಾಗಿ ಒಂದು ಹೂವಿನ ಹೆಸರು. ಒಬ್ಬನ ಕಣ್ಣು ಮುಚ್ಚಿ, ಎದುರಿನ ಗುಂಪಿನಿಂದ ಸಂಪಿಗೆಯೋ ಕನಕಾಂಬರವೋ ಅಂತ ಕರೀಬೇಕು. ಆ ಹೆಸರಿನವನು ಸದ್ದಿಲ್ಲದೆ ಬಂದು ಹಣೆ ಮುಟ್ಟಿ ಹೋಗಿ ಕೂರ್ತಾನೆ. ಕಣ್ಣು ಬಿಟ್ಟವನು ಯಾರು ಮುಟ್ಟಿದ್ದು ಅಂತ ಹೇಳಬೇಕು.

ನಮ್ಮ ಕ್ಲಾಸಿನಲ್ಲಿ ಊರಾಚೆ ಕೇರಿಯ ಒಬ್ಬ ಗೆಳೆಯ ಇದ್ದ. ಅವನು ಬಂದು ಮುಟ್ಟಿದ್ರೆ ನನಗೆ ತಕ್ಷಣ ಗೊತ್ತಾಗ್ತಿತ್ತು. ಅವರಪ್ಪ ಅಮ್ಮ ಅರಿಶಿನ ಬೇಯಿಸೋ ಕೆಲಸಕ್ಕೆ ಹೋಗ್ತಿದ್ದರು. ಸುಗ್ಗಿ ಕಾಲದಲ್ಲಿ ಇವನೂ ಬೆಳಿಗ್ಗೆ ಹೋಗಿ ಬರ್ತಿದ್ದ. ಕೈಯಲ್ಲಿ ಅರಿಶಿನದ ವಾಸನೆ. ನಾನು ಅವನ ಹೆಸರು ಹೇಳಿದಾಗಲೆಲ್ಲ "ಥೂ, ಮೋಸ!" ಅಂತ ನಗ್ತಿದ್ದ. ಕೈ ತೊಳೆದುಕೊಂಡು ಬಂದು ನೋಡಿದ, ಮಣ್ಣು ಉಜ್ಜಿಕೊಂಡು ಬಂದು ನೋಡಿದ. ಹೋಗಲಿಲ್ಲ.

ಒಂದು ಭಾನುವಾರ ಅದೇ ಆಟ ನಮ್ಮ ಬೀದಿಯಲ್ಲಿ ಆಡ್ತಿದ್ವಿ. ಅವನನ್ನು ನಾನೇ ಕರೆದಿದ್ದೆ. ಅವನು ಬಂದು ನನ್ನ ಹಣೆ ಮುಟ್ಟಿದ. ನಾನು ಕಣ್ಣು ಬಿಡೋ ಮೊದಲೇ ಬೀದಿಯ ಒಬ್ಬ ಹಿರಿಯರ ದನಿ ಕೇಳಿಸ್ತು. "ಅವನ ಕೈಲಿ ಮುಟ್ಟಿಸ್ಕತಿದ್ದೀಯೇನ್ಲಾ?" ಕಣ್ಣು ಬಿಟ್ಟಾಗ ಅವನು ಆಗಲೇ ಬೀದಿಯ ತುದಿಯಲ್ಲಿದ್ದ. ಆಟ ನಿಂತಿತು. ಆ ಹಿರಿಯರ ಮನೆಯ ಪೂಜೆಗೆ ಹೋಗ್ತಿದ್ದ ಅರಿಶಿನ ಯಾರ ಕೈ ದಾಟಿ ಬಂದದ್ದು ಅಂತ ಕೇಳೋ ಬುದ್ಧಿ ನನಗೆ ಆಗ ಇರಲಿಲ್ಲ. ಇದ್ದಿದ್ರೂ ಕೇಳ್ತಿದ್ನಾ? ಸುಳ್ಳು ಯಾಕೆ, ಕೇಳ್ತಿರಲಿಲ್ಲ. ಸುಮ್ಮನೆ ಮನೆಯೊಳಗೆ ಹೋದೆ. ಮಾರನೇ ದಿನ ಶಾಲೆಯಲ್ಲಿ ಅವನು ಆಟಕ್ಕೆ ಬರಲಿಲ್ಲ. ನಾನೂ ಕರೀಲಿಲ್ಲ.

ಒಂದೇ ಹುಡುಗನ ಬಗ್ಗೆ ಎರಡು ಊಹೆ. ಒಂದು ಊಹೆಗೆ ಅವನ ಕೈ, ಅವನ ನಡಿಗೆ, ಅವನ ನಗು ಎಲ್ಲ ಗೊತ್ತಿರಬೇಕಿತ್ತು. ಇನ್ನೊಂದಕ್ಕೆ ಅವನ ಬೀದಿ ಗೊತ್ತಿದ್ರೆ ಸಾಕಿತ್ತು.

ಆದ್ದರಿಂದಲೇ ಎಲ್ಲ ಊಹೆ ಆಟವೂ ಗೆಳೆತನ ಬೆಳೆಸತ್ತೆ ಅಂತ ನಾನು ಹೇಳಲ್ಲ. ಬೆಳೆಸೋ ಆಟಕ್ಕೆ ಮೂರು ಲಕ್ಷಣ ಇದೆ ಅಂತ ನನಗನ್ನಿಸತ್ತೆ. ಒಂದು, ಸರದಿ ಬದಲಾಗಬೇಕು. ಇವತ್ತು ಕಣ್ಣು ಮುಚ್ಚಿಸಿಕೊಂಡವನು ನಾಳೆ ಮುಟ್ಟೋಕೆ ಹೋಗಬೇಕು. ಜಾತಿ ಕೇಳೋ ಆಟದಲ್ಲಿ ಕೇಳೋರು ಯಾವಾಗಲೂ ಒಂದೇ ಕಡೆಯವರು. ಎರಡು, ತಪ್ಪೋಕೆ ಜಾಗ ಇರಬೇಕು, ತಪ್ಪಿದ್ರೆ ನಗು ಬರಬೇಕು. ಮೂರು, ಉತ್ತರ ಸಿಕ್ಕಿದ ಮೇಲೆ ಇನ್ನೊಂದು ಆಟ ಆಡಣ ಅನ್ನಿಸಬೇಕು. ಉತ್ತರ ಸಿಕ್ಕ ತಕ್ಷಣ ಎದ್ದು ಹೋಗೋದಾದ್ರೆ ಅದು ಆಟ ಅಲ್ಲ, ತನಿಖೆ.

ಈಗ ಯಾವ ಒಗಟು ಕೊಟ್ಟರೂ ಫೋನು ಕ್ಷಣದಲ್ಲಿ ಬಿಡಿಸಿ ಕೊಡತ್ತೆ, ಇನ್ನು ಇವೆಲ್ಲ ಯಾಕೆ ಅಂತ ಟೀಮಿನ ಹುಡುಗ ಒಬ್ಬ ಕೇಳಿದ. ಇಪ್ಪತ್ತು ಪ್ರಶ್ನೆ ಆಟವನ್ನು ಕಂಪ್ಯೂಟರಿಗೆ ಕಲಿಸೋ ಕೆಲಸವನ್ನು ರಾಬಿನ್ ಬರ್ಗೆನರ್ ಅನ್ನೋರು 1988ರಲ್ಲೇ ಶುರು ಮಾಡಿದ್ದರು. ಯಂತ್ರ ಉತ್ತರ ಹೇಳೋದು ಹೊಸದೇನಲ್ಲ. ಆದ್ರೆ ಅಕ್ಕನ ಮಗಳು ಒಗಟು ಕಳಿಸೋದು ಉತ್ತರ ಗೊತ್ತಿಲ್ಲ ಅಂತಲಾ? ಉತ್ತರ ಅವಳ ಹತ್ತಿರವೇ ಇದೆ. ಅವಳಿಗೆ ಬೇಕಾಗಿರೋದು ಮಾವ ಹತ್ತು ನಿಮಿಷ ತಲೆ ಕೆರೆದುಕೊಳ್ಳೋದು. ಫೋನಿಗೆ ಕೇಳಿ ಉತ್ತರ ಕೊಟ್ಟರೆ ಆ ಹತ್ತು ನಿಮಿಷ ಅವಳಿಂದ ಕದ್ದಂತೆ.

ಎರಡು ವರ್ಷದ ಹಿಂದೆ ಊರ ಹಬ್ಬಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಬಂದು ಎರಡೂ ಕಣ್ಣು ಮುಚ್ಚಿದರು. "ಯಾರ್ಲಾ ಹೇಳು?" ಗಡಸು ಕೈ, ಸ್ವಲ್ಪ ಗ್ರೀಸ್ ವಾಸನೆ. ಚಿಕ್ಕಪ್ಪನ ಮಗನ ಹೆಸರು ಹೇಳಿದೆ. ಅಲ್ಲ. ಇನ್ನೊಂದು ಹೆಸರು ಹೇಳಿದೆ. ಅಲ್ಲ. "ಸೋತೆ ಅನ್ನು" ಅಂದ. ಆ ದನಿ ಕೇಳಿದ ಮೇಲೆ ಗೊತ್ತಾಯ್ತು. ಆದ್ರೂ ಹೆಸರು ಹೇಳಲಿಲ್ಲ. "ಸೋತೆ" ಅಂದೆ.

ಅವನೇ. ಮೈಸೂರಿನಲ್ಲಿ ಒಂದು ಗ್ಯಾರೇಜ್ ಇಟ್ಟಿದ್ದಾನೆ. ಇಬ್ಬರೂ ಟೀ ಕುಡಿದ್ವಿ. ಆ ಭಾನುವಾರದ ಮಾತು ನಾನೇ ಎತ್ತಿದೆ. "ಬುಡು ಅದ" ಅಂದ. ಬಿಡೋಕೆ ಅವನಿಗೆ ಹಕ್ಕಿದೆ, ನನಗಿಲ್ಲ. ಆ ಬೀದಿಯಲ್ಲಿ ಅವತ್ತು ನಾನು ಬಾಯಿಬಿಟ್ಟು ಅವನ ಹೆಸರು ಹೇಳಬೇಕಿತ್ತು, ಕೊನೇಪಕ್ಷ ಆಟದ ಉತ್ತರ ಅಂತಲಾದ್ರೂ. ಅದನ್ನು ಅವನಿಗೆ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟು, "ಸರಿ, ಈಗ ನಂದು ಸರದಿ. ನೀ ಎಷ್ಟ್ ಸಂಬಳ ತಗತೀಯ, ನಾ ಹೇಳ್ತೀನಿ" ಅಂದ. ಹತ್ತಿರ ಹತ್ತಿರ ಸರಿಯಾಗೇ ಹೇಳಿದ, ಕಳ್ಳ :-)

ಮುಂದಿನ ಸಲ ಆಫೀಸಿನಲ್ಲಿ ಹೊಸಬರು ಬಂದರೆ ಪರಿಚಯ ಹೇಳಿಸೋದು ಬೇಡ, ಎರಡೆರಡು ಜನ ಕೂತು ಸರಿ ಬೆಸ ಆಡಲಿ ಅಂತ ಹೇಳಿದ್ದೀನಿ. ಹುಣಸೆ ಬೀಜ ಊರಿಂದ ನಾನೇ ತರ್ತೀನಿ. ನೀವೂ ಮನೆಯಲ್ಲಿ ಆಡಿ ನೋಡಿ. ಕರೆಂಟ್ ಹೋಗೋವರೆಗೂ ಕಾಯಬೇಕಾಗಿಲ್ಲ.

ಮುಗಿಸೋ ಮೊದಲು, ಅಕ್ಕನ ಮಗಳು ಹೋದ ವಾರ ಕಳಿಸಿದ್ದು ಒಂದು:

"ಗುಂಡ್ಲುಪೇಟೆ ಹೊಲದಲ್ಲಿ ಅರಳ್ತದ, ಓಣಂ ಅಂಗಳದಲ್ಲಿ ಮಲಗ್ತದ, ಕೊನೆಗ ಕೋಳಿಮೊಟ್ಟೆ ಒಳಗ ಹೋಗಿ ಕೂರ್ತದ. ಏನು?"

ಸುಳಿವು: ಊಟಿಗೆ ಹೋಗುವಾಗ ಕಾರು ನಿಲ್ಲಿಸಿ ನೀವೆಲ್ಲ ಅದರ ಜೊತೆ ಫೋಟೊ ತೆಗೆಸಿಕೊಂಡಿರ್ತೀರಿ. ಮೊಟ್ಟೆ ಒಳಗೆ ಹೇಗೆ ಹೋಯ್ತು ಅನ್ನೋದೇ ಗಂಟು. ಫೋನಿಗೆ ಕೇಳಬೇಡಿ. ಆಗಲಿಲ್ಲ ಅಂದ್ರೆ ನಾಚಿಕೊಳ್ಳದೆ 'ಸೋತೆ' ಅನ್ನಿ, ಹೇಳ್ತೀನಿ.